ಘಾಟಿನಲ್ಲಿ ಪಿಕಪ್ ಬಿಟ್ಟ ಗಾಡಿ ಮತ್ತು ನಾನು ಸುಮ್ಮನೆ ಬದಲಿಸಿದ ಪೆಡಲ್

ಪುಣೆಯ ಭೋಸರಿಯ ಒಂದು ಗ್ಯಾರೇಜಿನಲ್ಲಿ ನಾನು ಕಾರುಗಳ ವೈರಿಂಗ್ ಮತ್ತು ಸ್ಕ್ಯಾನಿಂಗ್ ಕೆಲಸ ನೋಡಿಕೊಳ್ಳುತ್ತೇನೆ. ಇಂಡಿ ತಾಲ್ಲೂಕಿನಿಂದ ಹೊಟ್ಟೆಪಾಡಿಗೆಂದು ಇಲ್ಲಿಗೆ ಬಂದು ಹದಿನಾಲ್ಕು ವರ್ಷಗಳಾದವು. ಕನ್ನಡ ಮಾತನಾಡುವ ಮಿಸ್ತ್ರಿ ಇದ್ದಾನೆಂಬ ಒಂದೇ ಕಾರಣಕ್ಕೆ ಕೋಥರೂಡಿನಿಂದಲೂ ಹಡಪಸರದಿಂದಲೂ ನಮ್ಮ ಕಡೆಯವರು ಗಾಡಿ ತರುತ್ತಾರೆ. ಹಾಗೆ ಬಂದವರಲ್ಲಿ ಹುಬ್ಬಳ್ಳಿ ಮೂಲದ ಒಬ್ಬ ಹಿರಿಯರ (ನಾನು ಅವರನ್ನು ಕಾಕಾ ಎನ್ನುತ್ತೇನೆ) ಗಾಡಿಯನ್ನು ನಾನು ಎರಡು ಬಾರಿ ತಪ್ಪಾಗಿ ರಿಪೇರಿ ಮಾಡಿ, ಮೂರನೆಯ ಸಲಕ್ಕೆ ಸರಿಪಡಿಸಿದೆ. ಆ ತಪ್ಪು ಎಲ್ಲಿ ಆಯಿತೆಂಬುದನ್ನು ಇದೇ ಕೆಲಸದಲ್ಲಿರುವ ಹುಡುಗರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಅವರದು ಐದು ವರ್ಷ ಹಳೆಯ ಪೆಟ್ರೋಲ್ ಸೆಡಾನ್, ಕೈಯಿಂದ ಗೇರ್ ಹಾಕುವ ಗಾಡಿ. ಶನಿವಾರ ಮಾಟುಂಗಾದಲ್ಲಿರುವ ಮಗಳ ಮನೆಗೆ ಹೋಗಿ ಭಾನುವಾರ ಸಂಜೆ ಎಕ್ಸ್‌ಪ್ರೆಸ್‌ವೇ ಹಿಡಿದು ಮರಳುವುದು ಅವರ ರೂಢಿ. ಒಂದು ಸೋಮವಾರ ಬೆಳಿಗ್ಗೆ ಬಂದವರು ಹೇಳಿದ್ದು ಹೀಗೆ: "ಖೋಪೋಲಿ ದಾಟಿ ಏರು ಹತ್ತಾಕ ಚಾಲೂ ಮಾಡಿದ್ನೆಪಾ, ಕಾಲು ಎಷ್ಟು ಒತ್ತಿದ್ರೂ ಗಾಡಿ ಮುಂದ ಹೋಗವಲ್ದು. ಹಿಂದ ಟ್ರಕ್ ಒಂದ ಸವನ ಹಾರ್ನ್ ಹೊಡೀಲಿಕ್ಕೆ ಹತ್ತಿತ್ತು. ಬಾಜೂಕ ತಗೊಂಡು ಆಫ್ ಮಾಡಿ ಚಾಲೂ ಮಾಡಿದ್ರ, ಏನೂ ಆಗೇ ಇಲ್ಲ ಅನ್ನೂ ಹಂಗ ಸರಿ ಆತು." ಅದರ ಹಿಂದೆಯೇ ಇನ್ನೊಂದು ಮಾತನ್ನೂ ಅವರು ಆಡಿದ್ದರು: "ಎಸಿ ಗಾಳೀನೂ ಬಿಸಿ ಬಂದಂಗ ಆತು ನೋಡು." ನಾನು ಮೊದಲಿನದನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಂಡೆ, ಎರಡನೆಯದನ್ನು ಬರೆಯಲಿಲ್ಲ.

ಸ್ಕ್ಯಾನರ್ ಹಚ್ಚಿದಾಗ ಗಾಡಿಯ ಕಂಪ್ಯೂಟರ್ ಬರೆದಿಟ್ಟ ಎರಡು ದೋಷದ ಕೋಡ್‌ಗಳು ಸಿಕ್ಕವು. ಒಂದು ಪಿ2138, ಅಂದರೆ ಆಕ್ಸಿಲರೇಟರ್ ಪೆಡಲ್‌ನ ಎರಡು ಸಿಗ್ನಲ್‌ಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬ ದೂರು. ಇನ್ನೊಂದು ಪಿ0532, ಎಸಿ ಗ್ಯಾಸಿನ ಒತ್ತಡ ಅಳೆಯುವ ಸೆನ್ಸರ್‌ನ ಸಿಗ್ನಲ್ ತೀರ ಕೆಳಗಿದೆ ಎಂಬುದು. ಪಿಕಪ್ ಇಲ್ಲವೆಂದು ಬಂದ ಗಾಡಿಯಲ್ಲಿ ಪೆಡಲ್‌ನ ಕೋಡ್ ಕಂಡ ಮೇಲೆ ಎಸಿಯದನ್ನು ಕೇಳುವವರು ಯಾರು? ಕಾಕಾ ಎಸಿ ರಿಪೇರಿಗೆಂದು ಬಂದಿರಲಿಲ್ಲ. ಗ್ಯಾಸ್ ಕಡಿಮೆ ಇದ್ದೀತು, ಬೇಸಿಗೆ ಬಂದಾಗ ನೋಡಿದರಾಯಿತು ಎಂದುಕೊಂಡು ಎರಡನ್ನೂ ಅಳಿಸಿದೆ. ಪೆಡಲ್‌ಗೆ ತಂತಿಗಳು ಕೂಡುವ ಕಪ್ಲರ್ ಬಿಚ್ಚಿ, ಕ್ಲೀನರ್ ಹೊಡೆದು, ಮತ್ತೆ ಕೂಡಿಸಿ ಕಳಿಸಿಕೊಟ್ಟೆ. ಮೂರು ವಾರಗಳ ನಂತರ ಅದೇ ಏರಿನಲ್ಲಿ ಗಾಡಿ ಮತ್ತೆ ಪಿಕಪ್ ಬಿಟ್ಟಿತು. ಈ ಸಲ ಐದು ಸಾವಿರದ ಆಸುಪಾಸಿನ ಹೊಸ ಪೆಡಲ್ ತರಿಸಿ ಹಾಕಿದೆ. ಮರುವಾರವೇ ಫೋನ್ ಬಂದಿತು.

ಇಲ್ಲಿ ಪೆಡಲ್‌ನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಗಾಡಿಗಳಲ್ಲಿ ಪೆಡಲ್‌ನಿಂದ ಥ್ರಾಟಲ್‌ವರೆಗೆ ಒಂದು ಉಕ್ಕಿನ ಕೇಬಲ್ ಇರುತ್ತಿತ್ತು, ಕಾಲು ಎಷ್ಟು ಒತ್ತುತ್ತದೋ ಅಷ್ಟು ಗಾಳಿಯ ಬಾಗಿಲು ತೆರೆಯುತ್ತಿತ್ತು. ಈಗಿನ ಗಾಡಿಗಳಲ್ಲಿ ಪೆಡಲ್ ಎನ್ನುವುದು ಬರೀ ಒಂದು ಸೆನ್ಸರ್. ಅದು ಇಷ್ಟು ಒತ್ತಿದ್ದಾರೆ ಎಂದು ವೋಲ್ಟೇಜ್ ರೂಪದಲ್ಲಿ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಎಂಗೆ ತಿಳಿಸುತ್ತದೆ, ಥ್ರಾಟಲ್ ತೆರೆಯುವುದು ಇಸಿಎಂನ ಆಜ್ಞೆಯಂತೆ ತಿರುಗುವ ಮೋಟಾರು. ಆ ವೋಲ್ಟೇಜ್ ಸುಳ್ಳು ಹೇಳಿದರೆ ಗಾಡಿ ತಾನಾಗಿಯೇ ಓಡಬಹುದಾದ ಕಾರಣ ಪೆಡಲ್‌ನೊಳಗೆ ಎರಡು ಬೇರೆ ಬೇರೆ ಸಿಗ್ನಲ್‌ಗಳನ್ನು ಇಟ್ಟಿರುತ್ತಾರೆ. ಎಷ್ಟೋ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧದಷ್ಟಿರುತ್ತದೆ: ಕಾಲು ತೆಗೆದಾಗ ಒಂದು 0.7 ವೋಲ್ಟ್ ತೋರಿಸಿದರೆ ಇನ್ನೊಂದು 0.35 ತೋರಿಸಬೇಕು, ಪೂರ್ತಿ ಒತ್ತಿದಾಗ ಒಂದು 3.8ರ ಸುತ್ತಮುತ್ತ ಇದ್ದರೆ ಇನ್ನೊಂದು 1.9ರ ಸುತ್ತಮುತ್ತ ಇರಬೇಕು. ಈ ಲೆಕ್ಕ ತಪ್ಪಿದ ಗಳಿಗೆಯಲ್ಲಿ ಇಸಿಎಂ ಎರಡನ್ನೂ ನಂಬುವುದನ್ನು ಬಿಟ್ಟು, ಇಂಜಿನ್ನಿನ ವೇಗವನ್ನು ಒಂದು ಕಡಿಮೆ ಮಿತಿಯೊಳಗೆ ಕಟ್ಟಿಹಾಕುತ್ತದೆ. ನಾವು ಲಿಂಪ್ ಮೋಡ್ ಎನ್ನುವುದು ಇದಕ್ಕೇ. ಕಾಕಾ ಅವರ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಇಸಿಎಂ ಬೇಕೆಂದೇ ಅವರ ಕಾಲಿನಿಂದ ಅಧಿಕಾರ ಕಿತ್ತುಕೊಂಡಿತ್ತು. ಆಫ್ ಮಾಡಿ ಆನ್ ಮಾಡಿದಾಗ ಅದು ಲೆಕ್ಕವನ್ನು ಹೊಸದಾಗಿ ಶುರುಮಾಡುವುದರಿಂದ ಎಲ್ಲವೂ ಸರಿಹೋದಂತೆ ಕಾಣುತ್ತಿತ್ತು.

ಇಷ್ಟೆಲ್ಲ ನನಗೆ ಮೊದಲೇ ಗೊತ್ತಿದ್ದ ಸಂಗತಿಯೇ. ನಾನು ಯೋಚಿಸದೇ ಹೋದದ್ದು, ಈ ತೊಂದರೆ ಘಾಟಿನ ಏರಿನಲ್ಲಿ ಮಾತ್ರ ಏಕೆ ಬರುತ್ತದೆ ಎಂಬುದನ್ನು. ಪೆಡಲ್ ಸವೆದಿದ್ದರೆ ಭೋಸರಿಯ ಸಿಗ್ನಲ್‌ನಲ್ಲಿಯೂ ಕೈಕೊಡಬೇಕಿತ್ತು. ಕೋಡ್ ಬಿದ್ದ ಕ್ಷಣದಲ್ಲಿ ಗಾಡಿಯ ಸ್ಥಿತಿ ಹೇಗಿತ್ತೆಂದು ಇಸಿಎಂ ಬರೆದಿಟ್ಟುಕೊಳ್ಳುವ ಫ್ರೀಜ್ ಫ್ರೇಮ್‌ನಲ್ಲಿ ಇಂಜಿನ್ ಮೇಲಿನ ಹೊರೆ ಶೇ 90ರ ಮೇಲಿತ್ತು. ಅದನ್ನು ಎರಡು ಸಲವೂ ಕಣ್ಣಾರೆ ಕಂಡು, ಬೆರಳಿನಿಂದ ಮೇಲೆ ಸರಿಸಿಬಿಟ್ಟಿದ್ದೆ.

ಮೂರನೆಯ ಸಲ ಗ್ಯಾರೇಜಿನಲ್ಲಿ ಏನನ್ನೂ ಬಿಚ್ಚಲಿಲ್ಲ. "ಕಾಕಾ, ನಾನೂ ನಿಮ್ಮ ಜೋಡಿ ಬರ್ತೀನ್ರಿ, ಖೋಪೋಲಿಗೆ ಹೋಗಿ ಬರೋಣ" ಎಂದೆ. ಕಾಕಾ ಗಾಡಿ ಓಡಿಸಿದರು, ನಾನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕುಳಿತೆ. ಖೋಪೋಲಿಯಲ್ಲಿ ಇಳಿದು ತಿರುಗಿಸಿ ಮತ್ತೆ ಪುಣೆಯ ದಿಕ್ಕಿಗೆ ಏರತೊಡಗಿದಾಗ ಪೆಡಲ್‌ನ ಎರಡು ಸಿಗ್ನಲ್‌ಗಳ ಜೊತೆಗೆ ಎಸಿ ಒತ್ತಡದ ಸಿಗ್ನಲ್ಲನ್ನೂ ಒಂದೇ ಪರದೆಯಲ್ಲಿ ಗೆರೆಗಳಾಗಿ ಓಡಲು ಬಿಟ್ಟೆ. ಅಡೋಶಿ ಸುರಂಗ ದಾಟುವವರೆಗೂ ಗೆರೆಗಳು ಶಾಂತವಾಗಿದ್ದವು. ಅಲ್ಲಿಂದ ಮುಂದೆ, ಅಮೃತಾಂಜನ್ ಬ್ರಿಜ್‌ ಇದ್ದ ಜಾಗದ ಹತ್ತಿರ (ಆ ಸೇತುವೆಯನ್ನು 2020ರ ಏಪ್ರಿಲ್‌ನಲ್ಲೇ ಕೆಡವಿದ್ದಾರೆ, ಆದರೆ ಜನರ ಬಾಯಲ್ಲಿ ಆ ಜಾಗದ ಹೆಸರು ಇನ್ನೂ ಹೋಗಿಲ್ಲ) ಒಂದು ಟ್ಯಾಂಕರನ್ನು ಹಿಂದೆ ಹಾಕಲು ಕಾಕಾ ಮೂರನೇ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿದರು. ಪೆಡಲ್‌ನ ಒಂದು ಗೆರೆ ಥಟ್ಟನೆ ಸೊನ್ನೆಗೆ ಬಿತ್ತು. ಎರಡನೆಯ ಗೆರೆ ಇದ್ದಲ್ಲೇ ಇತ್ತು. ಎಸಿಯ ಗೆರೆಯೂ ಅದೇ ಕ್ಷಣ, ಕೈಹಿಡಿದು ಎಳೆದಂತೆ, ಕೆಳಗೆ ಬಿದ್ದಿತ್ತು.

ಗಾಡಿ ಉಸಿರು ಬಿಟ್ಟಂತೆ ನಿಧಾನವಾಯಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಕಾಕಾ ನನಗಿಂತ ಚೆನ್ನಾಗಿ ಕಲಿತಿದ್ದರು: ಮೊದಲು ನಾಲ್ಕೂ ಇಂಡಿಕೇಟರ್ ಹಾಕಿದರು, ಕನ್ನಡಿ ನೋಡಿ ಉಳಿದ ವೇಗದಲ್ಲೇ ಎಡಕ್ಕೆ ಸರಿದರು, ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಿ, ಒಂದನೇ ಗೇರ್ ಹಾಕಿದರು. ಲಿಂಪ್ ಮೋಡ್‌ನಲ್ಲಿ ಇಂಜಿನ್ ಬಂದ್ ಆಗುವುದಿಲ್ಲವಾದ್ದರಿಂದ ಸ್ಟೇರಿಂಗ್ ಮತ್ತು ಬ್ರೇಕ್ ಮೊದಲಿನಂತೆಯೇ ಇರುತ್ತವೆ. ಇಂಜಿನ್ನೇ ನಿಂತುಹೋದಾಗ ಸ್ಟೇರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಮಾತ್ರ ಸಾಕಾಗುವುದರಿಂದ ಬ್ರೇಕನ್ನು ಪದೇ ಪದೇ ಒತ್ತಿ ಬಿಡದೆ ಒಮ್ಮೆಲೇ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಗಾಡಿ ಉರುಳುತ್ತಿರುವಾಗ ಕೀ ತೆಗೆದರಂತೂ ಸ್ಟೇರಿಂಗ್ ಲಾಕ್ ಆಗುವ ಅಪಾಯವಿದೆ. ನಿಂತ ಮೇಲೆ ತ್ರಿಕೋನವನ್ನು 50 ಮೀಟರಿಗೂ ಹಿಂದೆ ಇಟ್ಟು, ಜನರೆಲ್ಲ ಕಟಾಂಜನದ ಆಚೆ ಹೋಗಿ ನಿಲ್ಲಬೇಕು. ಘಾಟಿನಲ್ಲಿ ಬ್ರೇಕ್ ಕಾದ ಟ್ರಕ್ಕುಗಳ ಮುಂದೆ ಬಾನೆಟ್ ಎತ್ತಿ ನಿಂತು ನೋಡುವಂಥದ್ದು ಏನೂ ಇರುವುದಿಲ್ಲ.

ಗ್ಯಾರೇಜಿಗೆ ಮರಳಿ ವೈರಿಂಗ್ ನಕಾಶೆ ತೆಗೆದಾಗ ಉತ್ತರ ಹಾಳೆಯ ಮೇಲೆಯೇ ಇತ್ತು. ಸೆನ್ಸರ್‌ಗಳಿಗೆ ಇಸಿಎಂ 5 ವೋಲ್ಟ್ ಕೊಡುತ್ತದೆ, ಆದರೆ ಪ್ರತಿಯೊಂದಕ್ಕೂ ಬೇರೆ ತಂತಿಯಲ್ಲಿ ಕೊಡಬೇಕೆಂದೇನೂ ಇಲ್ಲ. ಈ ಗಾಡಿಯಲ್ಲಿ ಪೆಡಲ್‌ನ ಮೊದಲನೆಯ ಸಿಗ್ನಲ್‌ಗೆ ಹೋಗುವ 5 ವೋಲ್ಟ್ ಮತ್ತು ಎಸಿ ಒತ್ತಡದ ಸೆನ್ಸರ್‌ಗೆ ಹೋಗುವ 5 ವೋಲ್ಟ್ ಒಂದೇ ಮೂಲದಿಂದ ಕವಲೊಡೆದಿದ್ದವು. ಒಂದೇ ನಲ್ಲಿಯ ಎರಡು ಪೈಪುಗಳಲ್ಲಿ ಒಂದು ಒಡೆದರೆ ಇನ್ನೊಂದರ ನೀರೂ ಹೋಗುತ್ತದಲ್ಲ, ಹಾಗೆ. ಎಸಿ ಕಡೆಯ ತಂತಿ ಎಲ್ಲಿಯೋ ಗಾಡಿಯ ಲೋಹದ ಮೈಗೆ ತಾಗಿದಾಗ ಪೆಡಲ್‌ನ ಅರ್ಧ ಜೀವವೂ ಹೋಗುತ್ತಿತ್ತು. ಕೆಲವು ಗಾಡಿಗಳಲ್ಲಿ ಇಸಿಎಂ ಇದನ್ನು ಪಿ0642 ಎಂದು ನೇರವಾಗಿಯೇ ಹೇಳುತ್ತದೆ, ಈ ಗಾಡಿ ಹೇಳಿರಲಿಲ್ಲ.

ಎಸಿ ಸೆನ್ಸರಿನ ಕಪ್ಲರ್ ಬಿಚ್ಚಿ, 5 ವೋಲ್ಟಿನ ಪಿನ್ನಿಗೆ ಮಲ್ಟಿಮೀಟರ್ ಹಚ್ಚಿ, ಅತಿ ಕಡಿಮೆ ಅಳತೆಯನ್ನು ಹಿಡಿದಿಡುವ ಗುಂಡಿ ಒತ್ತಿದೆ. ಹುಡುಗನಿಗೆ ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಇಂಜಿನ್ ಒಜ್ಜೆ ಹೊರುವಷ್ಟು ಮಾತ್ರ ಬಿಡಲು ಹೇಳಿದೆ. ಗಾಡಿಯ ಮುಂದೆ ಮಾತ್ರ ಯಾರನ್ನೂ ನಿಲ್ಲಿಸಲಿಲ್ಲ. ಈ ಪರೀಕ್ಷೆಯಲ್ಲಿ ಕಾಲು ಜಾರಿದರೆ ಗಾಡಿ ಮುಂದಕ್ಕೆ ಹಾರುತ್ತದೆ. ಇಂಜಿನ್ ಹಿಂದಕ್ಕೆ ವಾಲಿತು, ವಾಲಬೇಕಾದದ್ದಕ್ಕಿಂತ ಹೆಚ್ಚೇ ವಾಲಿತು. ಇಂಜಿನ್ ಮೌಂಟಿಂಗ್, ಇಲ್ಲಿನ ಮಿಸ್ತ್ರಿಗಳ ಬಾಯಲ್ಲಿ ಫೌಂಡೇಶನ್, ಒಂದು ಬದಿಯ ರಬ್ಬರ್ ಹರಿದಿತ್ತು. ಮೀಟರಿನಲ್ಲಿ ಹಿಡಿದಿಟ್ಟ ಅಂಕಿ 0.2.

ಆಮೇಲೆ ತಂತಿಯನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋಗುವುದಷ್ಟೇ ಉಳಿದಿತ್ತು. ರೇಡಿಯೇಟರಿನ ಪಕ್ಕದಲ್ಲಿ ಹಾರ್ನೆಸ್, ಅಂದರೆ ತಂತಿಗಳ ಕಟ್ಟು, ಒಂದು ಕ್ಲಿಪ್ಪಿನಲ್ಲಿ ಕೂರಬೇಕಿತ್ತು. ಹಿಂದೆ ಯಾವಾಗಲೋ ಮುಂದಿನ ಬಂಪರ್ ಕೆಲಸ ಮಾಡಿಸಿದಾಗ ಆ ಕ್ಲಿಪ್ ಮುರಿದಿದ್ದು, ಅದರ ಬದಲು ಒಂದು ಪ್ಲಾಸ್ಟಿಕ್ ಟೈ ಬಿಗಿದಿದ್ದರು. ಆ ಟೈನಿಂದಾಗಿ ಹಾರ್ನೆಸ್ ಒಂದು ತಗಡಿನ ಬ್ರ್ಯಾಕೆಟ್ಟಿನ ಅಂಚಿಗೆ ಒರಗಿತ್ತು. ಟೈ ಕತ್ತರಿಸಿ, ಸುರುಳಿ ಪೈಪನ್ನು ಅಗಲಿಸಿ ನೋಡಿದರೆ, ಪೆನ್ಸಿಲ್ ಕಡ್ಡಿಯಷ್ಟು ದಪ್ಪವೂ ಇಲ್ಲದ ಒಂದು ತಂತಿಯ ಮೈಮೇಲೆ ಎಳ್ಳುಕಾಳಿನಷ್ಟು ಜಾಗದಲ್ಲಿ ಸಿಪ್ಪೆ ಎದ್ದು, ತಾಮ್ರ ಹೊಸ ಬಿಂದಿಗೆಯಂತೆ ಹೊಳೆಯುತ್ತಿತ್ತು. ತಾಮ್ರ ಹಸಿರುಗಟ್ಟಿರಲಿಲ್ಲ, ಏಕೆಂದರೆ ಪ್ರತಿ ಏರಿನಲ್ಲಿ ಅದು ತಗಡಿಗೆ ತಿಕ್ಕಿ ತಾನೇ ಬೆಳಗಿಕೊಳ್ಳುತ್ತಿತ್ತು. ಎದುರಿಗೆ ಬ್ರ್ಯಾಕೆಟ್ಟಿನ ಅಂಚಿನಲ್ಲೂ ಅಷ್ಟೇ ಜಾಗದ ಬಣ್ಣ ಹೋಗಿತ್ತು. ತಂತಿಗೆ ಬೆಸುಗೆ ಹಾಕಿ, ಕಾಯಿಸಿದರೆ ಬಿಗಿಯುವ ಸ್ಲೀವ್ ಏರಿಸಿ, ಹೊಸ ಪೈಪು ಮತ್ತು ಕ್ಲಿಪ್ ಹಾಕಿ, ಮೌಂಟಿಂಗನ್ನೂ ಬದಲಿಸಿದೆ. ಮೌಂಟಿಂಗ್ ಬಿಟ್ಟರೆ ಉಳಿದ ಸಾಮಾನಿನ ಖರ್ಚು ನೂರು ರೂಪಾಯಿಯನ್ನೂ ಮುಟ್ಟಲಿಲ್ಲ.

ಪಿಕಪ್ ಹೋಯಿತು ಎಂದು ಬರುವ ಎಲ್ಲ ಗಾಡಿಗಳದೂ ಇದೇ ಕಥೆಯಲ್ಲ. ಈಗ ನಾನು ಸ್ಕ್ಯಾನರ್ ಮುಟ್ಟುವ ಮೊದಲು ಕೇಳುವ ಪ್ರಶ್ನೆ, ಆ ಹೊತ್ತಿನಲ್ಲಿ ಮೀಟರ್ ಬೋರ್ಡ್ ಹೇಗಿತ್ತು ಎಂಬುದು. ಇಂಜಿನ್ ಓಡುತ್ತಿದ್ದು ಏರಲು ಮಾತ್ರ ಒಲ್ಲೆನೆಂದರೆ ಲಿಂಪ್ ಮೋಡ್ ಎಂದು ಶುರುಮಾಡುತ್ತೇನೆ. ಗಾಡಿ ಗೇರಿನಲ್ಲಿ ಉರುಳುತ್ತಿದ್ದಾಗಲೇ ಆರ್‌ಪಿಎಂ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದು ಇಂಜಿನ್ ಸತ್ತರೆ ಇಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ತಂತಿಯ ಮೇಲೆ ಅನುಮಾನ, ಏಕೆಂದರೆ ಚಕ್ರಗಳು ಇಂಜಿನ್ನನ್ನು ತಿರುಗಿಸುತ್ತಲೇ ಇದ್ದರೂ ಇಸಿಎಂಗೆ ಅದು ಕಾಣುತ್ತಿಲ್ಲ ಎಂದಾಯಿತು. ಬೋರ್ಡ್ ಪೂರ್ತಿ ಕತ್ತಲಾದರೆ ಬ್ಯಾಟರಿ ಟರ್ಮಿನಲ್, ಅರ್ಥಿಂಗ್ ಪಟ್ಟಿ, ಮುಖ್ಯ ರಿಲೇ. ಮಳೆಗಾಲದಲ್ಲಿ ಸೊಸೈಟಿಯ ಪಾರ್ಕಿಂಗಿನ ಇಲಿಗಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಅರ್ಥಿಂಗನ್ನು ಗಾಡಿ ಬಂದ್ ಮಾಡಿ ಓಮ್‌ನಲ್ಲಿ ಅಳೆಯುವವರಿದ್ದಾರೆ. ಒಂದೇ ಎಳೆ ಉಳಿದ ಪಟ್ಟಿಯೂ ಅಲ್ಲಿ ಪಾಸಾಗುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ ಮೈಗೆ ಎಷ್ಟು ವೋಲ್ಟ್ ಬೀಳುತ್ತದೆಂದು ನೋಡಬೇಕು, 0.5 ದಾಟಿತೆಂದರೆ ಅಲ್ಲೇ ನಿಂತು ಹುಡುಕಬೇಕು.

ಪೆಡಲ್‌ನ ದುಡ್ಡನ್ನು ಮರಳಿ ಕೊಡಲು ಹೋದಾಗ ಕಾಕಾ ಮೊದಲು ಬೇಡವೆಂದರು. "ನಾ ಎಸಿ ಬಗ್ಗೆ ಅವತ್ತ ಹೇಳಿದ್ನಲ್ಲೋ ತಮ್ಮಾ" ಎಂದಷ್ಟೇ ಹೇಳಿ ನಕ್ಕರು, ಬೈದಿದ್ದರೆ ಹಗುರಾಗುತ್ತಿತ್ತು. ಒತ್ತಾಯ ಮಾಡಿ ಕೊಟ್ಟೆ. ಜಾಬ್ ಕಾರ್ಡಿನಲ್ಲಿ ತೊಂದರೆ ಬರೆಯುವ ಗೆರೆಯ ಕೆಳಗೆ "ಅದರ ಜೊತೆಗೆ ಮತ್ತೇನು ಆಯಿತು" ಎಂಬ ಇನ್ನೊಂದು ಗೆರೆಯನ್ನು ಈಗ ಕೈಯಿಂದಲೇ ಎಳೆದುಕೊಳ್ಳುತ್ತೇನೆ. ಅವರ ಗಾಡಿಯಿಂದ ತೆಗೆದ ಹಳೆಯ ಪೆಡಲ್ ನನ್ನ ಮೇಜಿನ ಮೇಲಿದೆ. ಹೊಸ ಹುಡುಗ ಕೆಲಸಕ್ಕೆ ಸೇರಿದಾಗ ಅದಕ್ಕೆ 5 ವೋಲ್ಟ್ ಕೊಟ್ಟು, ಎರಡು ಮೀಟರ್ ಹಚ್ಚಿ, ಒತ್ತಿ ತೋರಿಸುತ್ತೇನೆ. ಇಂದಿಗೂ ಒಂದು ಅಂಕಿ ಇನ್ನೊಂದರ ಅರ್ಧಕ್ಕೆ ಸರಿಯಾಗಿ ನಿಲ್ಲುತ್ತದೆ.