ಬಾಗಿಲು ತಟ್ಟದ ಹುಡುಗ

"ಅವನು ಬಾಗಿಲ ಮುಂದೆ ನಿಂತ. ತಟ್ಟಲಿಲ್ಲ. ಅವನು ಬಾಗಿಲು ತಟ್ಟಿ ಏಳು ವರ್ಷ ಆಗಿತ್ತು."

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ನಮ್ಮ ಆಟದಲ್ಲಿ ಭಾನುವಾರ ರಾತ್ರಿ ಬಂದ ಸಾಲು ಇದು. ಇವತ್ತು ಗುರುವಾರ, ಇನ್ನೂ ತಲೆಯಿಂದ ಹೋಗಿಲ್ಲ. ಬರೆದವರು ನಮ್ಮ ಗುಂಪಿಗೆ ಸೇರಿ ಬರೀ ಮೂರು ವಾರ ಆಗಿರುವ ಹೊಸ ಆಟಗಾರ್ತಿ.

ಮೊದಲ ದಿನ ಅವರು ತಮ್ಮ ಪಾತ್ರದ ಹಿನ್ನೆಲೆ ಹಾಕಿದಾಗ ನನಗೆ ಬೇಜಾರಾಗಿತ್ತು. ಹದಿನೇಳರ ಹುಡುಗ. ಡ್ರ್ಯಾಗನ್ ಬಂದು ಊರು ಸುಟ್ಟಿದೆ. ಅಪ್ಪ ಅಮ್ಮ ಇಲ್ಲ. ಭುಜದ ಮೇಲೆ ಅರ್ಥವಾಗದ ಒಂದು ಮಚ್ಚೆ, ಕೈಯಲ್ಲಿ ಅಪ್ಪನ ಮುರಿದ ಕತ್ತಿ. ಇಂಥ ಹುಡುಗರನ್ನು ಎಷ್ಟು ಜನರನ್ನು ನೋಡಿದ್ದೇನೋ ಲೆಕ್ಕವಿಲ್ಲ. ಆಟದ ಹೊರಗೆ ಹರಟುವ ಚಾಟ್‌ನಲ್ಲಿ "ಇನ್ನೊಬ್ಬ ತಬ್ಬಲಿ ಬಂದ" ಅಂತ ಬರೆದುಬಿಟ್ಟೆ. ಮೂವರು ನಕ್ಕರು. ಅವರೂ ಒಂದು ನಗುವ ಮುಖ ಹಾಕಿ ಸುಮ್ಮನಾದರು. ಆ ನಗುವ ಮುಖ ಈಗ ಚುಚ್ಚುತ್ತಿದೆ.

ನಮ್ಮದು ಪೂರ್ತಿ ಬರೆದು ಆಡುವ ಆಟ. ಐದು ಜನ, ಐದು ಪಾತ್ರ, ಜೊತೆಗೆ ಕಥೆ ನಡೆಸುವ ಗೇಮ್ ಮಾಸ್ಟರ್. ಒಬ್ಬರು ಬರೆದ ಮೇಲೆ ಇನ್ನೊಬ್ಬರ ಸರದಿ. ನನ್ನ ಪಾತ್ರಕ್ಕೆ ಅಮ್ಮ ಇದ್ದಾಳೆ, ಮಡಕೆ ಮಾಡುತ್ತಾಳೆ. ಎಲ್ಲರೂ ಅಪ್ಪ ಅಮ್ಮನನ್ನು ಸಾಯಿಸುತ್ತಾರಲ್ಲ, ನಾನು ಸಾಯಿಸಲ್ಲ ಅಂತ ಬೇಕಂತಲೇ ಉಳಿಸಿಕೊಂಡಿದ್ದೆ. ಭಾನುವಾರ ನಮ್ಮ ತಂಡ ಮಳೆಯಲ್ಲಿ ನೆನೆದು ಅವಳ ಮನೆಗೆ ಬಂತು. ಎಲ್ಲರೂ ಒಳಗೆ ಹೋದೆವು. ಹುಡುಗನ ಸರದಿ ಬಂದಾಗ ಆ ಮೂರು ವಾಕ್ಯ.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ನಾನು ಅಮ್ಮನ ಕೈಯಲ್ಲಿ ಬಾಗಿಲು ತೆಗೆಸಿದೆ. "ಎಷ್ಟು ಹೊತ್ತಿಂದ ನಿಂತಿದ್ದೀಯ ಮಗಾ?" ಅವರು ಬರೆದರು: "ಗೊತ್ತಿಲ್ಲ." ಗೇಮ್ ಮಾಸ್ಟರ್ ಆ ರಾತ್ರಿಗೆ ತೋಳಗಳ ದಾಳಿ ಇಟ್ಟುಕೊಂಡಿದ್ದರಂತೆ. ಬೇಡ ಅಂತ ಮುಂದಕ್ಕೆ ಹಾಕಿದರು. ಹೊಡೆದಾಟದಲ್ಲಿ ಗೆದ್ದವರಾರು ಅಂತ ಹೇಳುವ ದಾಳ ಇಡೀ ರಾತ್ರಿ ಉರುಳಲೇ ಇಲ್ಲ.

ನಾನು ನಾಲ್ಕು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಈ ಆಟಗಳಲ್ಲಿ ತಬ್ಬಲಿಗಳು ಇಷ್ಟೊಂದು ಯಾಕೆ? ಮನೆಯಲ್ಲಿ ಕಾಯುವವರಿದ್ದರೆ ಹದಿನೇಳರ ಹುಡುಗ ಗವಿಗೆ ಯಾಕೆ ಇಳಿಯುತ್ತಾನೆ? ಕಥೆ ಟ್ಯಾವರ್ನ್‌ನಲ್ಲೇ, ಅಂದರೆ ದಾರಿಹೋಕರು ಸೇರುವ ಹೆಂಡದಂಗಡಿಯಲ್ಲೇ, ಯಾಕೆ ಶುರುವಾಗುತ್ತದೆ? ಒಬ್ಬರಿಗೊಬ್ಬರು ಗೊತ್ತಿಲ್ಲದ ಐದು ಜನ ಒಂದೇ ಸೂರಿನಡಿ ಇರಬೇಕಲ್ಲ, ಅದಕ್ಕೆ. ಈ ಆಟಗಳಲ್ಲಿ ಬರುವ ಲಿಚ್ ಅನ್ನುವ ಸತ್ತೂ ಸಾಯದ ಮಾಂತ್ರಿಕ ತನ್ನ ಜೀವವನ್ನು ಒಂದು ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾನೆ. ಏಳು ಸಮುದ್ರದ ಆಚೆ ಗಿಳಿಯೊಳಗೆ ಪ್ರಾಣ ಇಟ್ಟ ರಾಕ್ಷಸನ ಕಥೆ ಕೇಳಿ ಬೆಳೆದವರಿಗೆ ಅವನ ಗುಟ್ಟು ಯಾರೂ ಹೇಳಿಕೊಡಬೇಕಾಗಿಲ್ಲ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಇಂಥದ್ದೇ ಪಾತ್ರದ ಆಟ ತಂದಾಗ ಆಡುವವರು ಒಂದೇ ಮೇಜಿನ ಸುತ್ತ ಕೂರುತ್ತಿದ್ದರು. ಮುಖ ಕಾಣುತ್ತಿತ್ತು, ದನಿ ಕೇಳುತ್ತಿತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ 'ಮಡ್' ಅನ್ನುವ ಕಂಪ್ಯೂಟರ್ ಆಟ ಶುರುಮಾಡಿದರು, ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಅಲ್ಲಿ ಪರದೆ ಮೇಲೆ ಅಕ್ಷರ ಬಿಟ್ಟರೆ ಬೇರೇನೂ ಇಲ್ಲ. ನಮ್ಮದೂ ಹಾಗೇ. ಮುಖ ಕಾಣದ ಕಡೆ ಹೊಸಬರು ಎಲ್ಲರಿಗೂ ಗೊತ್ತಿರುವ ಕಥೆ ಹಿಡಿದು ಬರುವುದು ಸಹಜ ಅಲ್ವಾ? ತಬ್ಬಲಿ ಅಂದ ಕೂಡಲೇ ಆ ಹುಡುಗನ ಜೊತೆ ಹೇಗೆ ಮಾತಾಡಬೇಕು ಅಂತ ಉಳಿದ ನಾಲ್ವರಿಗೂ ಗೊತ್ತಾಗುತ್ತದೆ. ನನಗೆ ಗೊತ್ತಾಗಬೇಕಿತ್ತು. ನಾನು ನಕ್ಕೆ.

ನಮ್ಮ ಗುಂಪಿನಲ್ಲಿ ಹಳಬರೊಬ್ಬರಿದ್ದಾರೆ. ಅವರ ಪಾತ್ರ ಗಡಿಯಾರದ ಒಳಗೆ ಹುಟ್ಟಿದ, ಬೇರೆಯವರ ನೆನಪು ತಿಂದು ಬದುಕುವ ಜೀವಿ. ಅಂಥದ್ದನ್ನು ನಾನು ಎಲ್ಲೂ ನೋಡಿಲ್ಲ. ಭಾಷೆಯೂ ಸೊಗಸು. ಆದರೆ ಎರಡು ವಾರದ ಹಿಂದೆ ಅವರು ತಮ್ಮ ಸರದಿಯಲ್ಲಿ "ಹುಡುಗನ ಕೈ ನಡುಗಿತು, ಕತ್ತಿ ಕೆಳಗೆ ಬಿತ್ತು" ಅಂತ ಬರೆದರು. ಗಾಡ್‌ಮಾಡಿಂಗ್ ಅನ್ನೋದು ಇದನ್ನೇ. ಬೇರೆಯವರ ಪಾತ್ರದ ಕೈ ನಡುಗಬೇಕೋ ಬೇಡವೋ ಅಂತ ಹೇಳಲು ನಾವ್ಯಾರು? ಗೇಮ್ ಮಾಸ್ಟರ್ ತಿದ್ದಿ ಅಂದರೆ, ಕಥೆಗೆ ಅದೇ ಚೆನ್ನಾಗಿತ್ತು ಅಂತ ವಾದ ಬೇರೆ. ಚೆನ್ನಾಗಿರಬಹುದು. ಆದರೆ ಅವರು ಬರೆದು ಮುಗಿಸಿದ ಮೇಲೆ ನಮಗೆ ಕಾಲಿಡಲೂ ಜಾಗ ಇರಲ್ಲ. ಆ ದಿನ ನಾನು ಅವರಿಗೆ ಒಂದು ಮಾತೂ ಹೇಳಲಿಲ್ಲ. ಹೊಸಬರ ತಬ್ಬಲಿಯನ್ನು ನೋಡಿ ನಗಲು ಬಂದಿತ್ತು, ಇದನ್ನು ಕೇಳಲು ಬಾಯಿ ಬರಲಿಲ್ಲ. ಮೂರೇ ವಾಕ್ಯ ಬರೆದು, ಬಾಗಿಲು ಮುಚ್ಚಿದ ಹಾಗೇ ಬಿಟ್ಟು, ನಾನು ತೆಗೆಯಲಿ ಅಂತ ಕಾದವರು ಆ ಹೊಸಬರು.

ಹುಡುಗನ ಭುಜದ ಮಚ್ಚೆಯ ಬಗ್ಗೆ ಮಾತ್ರ ನನಗೆ ಅಳುಕಿತ್ತು. ಇಂಥ ಕಥೆಗಳಲ್ಲಿ ಮಚ್ಚೆ ಅಂದರೆ ಸಾಮಾನ್ಯವಾಗಿ ವಿಧಿ ಆರಿಸಿದವನ ಗುರುತು. ಒಬ್ಬನೇ ನಾಯಕನಿರುವ ಕಥೆಯಲ್ಲಿ ವಿಧಿ ಆರಿಸಿದ ಹುಡುಗ ನಡೆಯುತ್ತದೆ. ಐದು ಜನ ಬರೆಯುವ ಕಡೆ ಒಬ್ಬನನ್ನೇ ವಿಧಿ ಆರಿಸಿದರೆ ಉಳಿದ ನಾಲ್ವರು ಏನು ಮಾಡಬೇಕು? ಇದನ್ನು ಹೇಗೆ ಹೇಳುವುದು ಅಂತ ಒದ್ದಾಡುತ್ತಿದ್ದೆ. ನಿನ್ನೆ ಅವರೇ ಚಾಟ್‌ನಲ್ಲಿ ಕೇಳಿದರು: "ಆ ಮಚ್ಚೆ ಏನು ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ. ನಿಮ್ಮಲ್ಲಿ ಯಾರಾದರೂ ಹೇಳ್ತೀರಾ?"

ಮೊದಲು ಅವರಿಗೆ ಪ್ರತ್ಯೇಕವಾಗಿ ಬರೆದು ಕ್ಷಮೆ ಕೇಳಿದೆ. ಅವತ್ತು ಬೇಜಾರಾಗಿದ್ದು ನಿಜ ಅಂದರು. ಆಮೇಲೆ, ಮಚ್ಚೆಯನ್ನು ನನ್ನ ಅಮ್ಮ ನೋಡಬಹುದಾ ಅಂತ ಕೇಳಿದೆ. ಹೂಂ ಅಂದರು.

ಬರುವ ಭಾನುವಾರ ನನ್ನದೇ ಮೊದಲ ಸರದಿ, ಬರೆದಿಟ್ಟಿದ್ದೇನೆ. ಹುಡುಗ ಒಲೆಯ ಪಕ್ಕ ಒದ್ದೆ ಅಂಗಿ ಬಿಚ್ಚುತ್ತಾನೆ. ಅಮ್ಮ ದೀಪ ಹತ್ತಿರ ಹಿಡಿಯುತ್ತಾಳೆ. ನಲವತ್ತು ವರ್ಷ ಆವಿಗೆಯ ಮುಂದೆ ಕೂತವಳು, ಅವಳ ಮೊಣಕೈಯಲ್ಲೂ ಅಂಥದ್ದೇ ಎರಡಿವೆ. "ಇದು ಮಚ್ಚೆ ಅಲ್ಲ ಮಗಾ, ಸುಟ್ಟ ಗಾಯ," ಅನ್ನುತ್ತಾಳೆ. "ಯಾರೋ ನಿನ್ನನ್ನು ಬೆಂಕಿಯಿಂದ ಎತ್ತಿಕೊಂಡು ಓಡಿದಾರೆ."

ಅಲ್ಲಿಗೆ ನಿಲ್ಲಿಸಿದ್ದೇನೆ. ಯಾರು ಅಂತ ಬರೆದಿಲ್ಲ.