ಓಹಾಯೋ ಪ್ಲೈವುಡ್ ನಕ್ಷೆ: ಕೊನೆಗೂ ಬಣ್ಣ ಕೂತಿತು

ಅಮೆರಿಕದ ಓಹಾಯೋ ರಾಜ್ಯದಲ್ಲಿ ಕ್ಷೇತ್ರ ಗಡಿ ಎಳೆಯುವ ವಿಧಾನದ ಬಗ್ಗೆ ಈ ಸಲದ ಅಭ್ಯರ್ಥಿಗಳು ಏನನ್ನುತ್ತಾರೆ ಅಂತ ಪ್ಲೈವುಡ್ ನಕ್ಷೆಯಲ್ಲಿ ತೋರಿಸಲು ಹೊರಟಿದ್ದೇನೆ. ಶೇಪ್‌ಫೈಲ್ (ಗಡಿಗಳ ಡಿಜಿಟಲ್ ಕಡತ) ಇಳಿಸಿದ್ದು, ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಗೆರೆ ಸರಳ ಮಾಡಿದ್ದು, ಇದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ. ಓಹಾಯೋದ 15 ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು) ಕ್ಷೇತ್ರಗಳೂ ಲೇಸರ್‌ನಲ್ಲಿ ಕತ್ತರಿಸಿಕೊಂಡು ಮೇಜಿನ ಮೇಲಿವೆ. 3 ಮಿ.ಮೀ. ಬರ್ಚ್ ಪ್ಲೈ ಅಂತ ತರಿಸಿದರೆ ಒಂದು ಮೂಲೆ ಮೂರು, ಇನ್ನೊಂದು ಮೂಲೆ ಮೂರೂವರೆ. ಒಳಗೆ ಅಂಟು ಗಂಟು ಕಟ್ಟಿದ ಕಡೆ ಲೇಸರ್ ಸುಟ್ಟಿತೇ ಹೊರತು ಕತ್ತರಿಸಲಿಲ್ಲ. ಅಂಗಡಿಗೆ ಬರೆದರೆ, ಮರ ಸಹಜ ವಸ್ತು ಅಂದರು. ಅಂಟೂ ಸಹಜವಾ?

ನಿಜವಾದ ತಲೆನೋವು ಬಣ್ಣದ್ದು. ಪ್ರತಿ ತುಂಡಿನಲ್ಲೂ ಅಭ್ಯರ್ಥಿಗಳಿಗೆ ಒಂದೊಂದು ಬಿಲ್ಲೆ. ಕ್ಷೇತ್ರ ಗಡಿ ಎಳೆಯುವ ವಿಧಾನ ಬದಲಾಗಬೇಕು ಅನ್ನುವವರಿಗೆ ಹಸಿರು, ಬೇಡ ಅನ್ನುವವರಿಗೆ ಕೆಂಪು. ಸುಲಭ ಅಲ್ವಾ? ಬಾಯಿಮಾತು ನಂಬಿದರೆ ಇಡೀ ಓಹಾಯೋ ಹಸಿರು! 'ನಮಗೆ ನ್ಯಾಯವಾದ ಗಡಿ ಬೇಡ' ಅನ್ನುವ ರಾಜಕಾರಣಿ ಎಲ್ಲಾದರೂ ಇದ್ದಾರಾ? 2024ರಲ್ಲಿ ಗಡಿ ಎಳೆಯುವ ವಿಧಾನ ಬದಲಿಸುವ 'ಇಶ್ಯೂ 1' ಪ್ರಸ್ತಾವ ಜನರ ಓಟಿಗೆ ಬಂದಾಗ ಗೆರಿಮ್ಯಾಂಡರಿಂಗ್ (ತಮ್ಮ ಪಕ್ಷಕ್ಕೆ ಲಾಭವಾಗುವಂತೆ ಗಡಿ ಎಳೆಯುವುದು) ನಿಲ್ಲಿಸಿ ಅಂತ ಎರಡೂ ಕಡೆಯವರು ಬೋರ್ಡ್ ನೆಟ್ಟಿದ್ದರು. ರಾಜಕಾರಣಿಗಳನ್ನು ಬಿಟ್ಟು 15 ನಾಗರಿಕರ ಆಯೋಗ ಮಾಡುವ ಆ ಪ್ರಸ್ತಾವ ಸೋತಿತು.

ಇನ್ನು ಓಹಾಯೋ ಗವರ್ನರ್ ಮೈಕ್ ಡಿವೈನ್ ಅವರನ್ನೇ ನೋಡಿ. ಈ ಸಲ ಕಣದಲ್ಲಿಲ್ಲ, ಆದರೆ ಪರೀಕ್ಷೆಗೆ ಒಳ್ಳೆ ಮಾದರಿ. ಇಶ್ಯೂ 1 ಬೇಡ ಅಂದರು. ಅದೇ ಉಸಿರಿನಲ್ಲಿ ಅಯೋವಾ ರಾಜ್ಯದ ಪದ್ಧತಿ ತರೋಣ ಅಂದರು. ಅಲ್ಲಿ ಶಾಸಕಾಂಗದ ಪಕ್ಷಾತೀತ ಸಿಬ್ಬಂದಿ ನಕ್ಷೆ ಬರೆಯುತ್ತಾರೆ, ಯಾವ ನಾಯಕನ ಮನೆ ಎಲ್ಲಿದೆ ಅಂತ ನೋಡುವ ಹಾಗಿಲ್ಲ. ಈಗ ಇವರು ಕೆಂಪೋ ಹಸಿರೋ? ಡಬ್ಬಿಯಲ್ಲಿ ಅರಿಶಿನ ಬಣ್ಣವೂ ಇರಲಿಲ್ಲ.

ಮತದಾನದ ದಾಖಲೆಯೂ ಕೈಕೊಟ್ಟಿತು. ಓಹಾಯೋ ಸಂವಿಧಾನದ 2018ರ ತಿದ್ದುಪಡಿ ಪ್ರಕಾರ ಎರಡೂ ಪಕ್ಷ ಒಪ್ಪಿದರೆ ನಕ್ಷೆಗೆ ಹತ್ತು ವರ್ಷ ಆಯುಸ್ಸು, ಇಲ್ಲದಿದ್ದರೆ ನಾಲ್ಕು. 2021ರ ನಕ್ಷೆಗೆ ಡೆಮಾಕ್ರಟಿಕ್ ಓಟು ಒಂದೂ ಬೀಳಲಿಲ್ಲ. ಹಾಗಾಗಿ 2025ರಲ್ಲಿ ಮತ್ತೆ ಶುರು. ಅಕ್ಟೋಬರ್ 31ರಂದು, ಈಗಿರುವ ರಾಜಕಾರಣಿಗಳ ಆಯೋಗದ 7 ಜನರೂ ಹೊಸ ನಕ್ಷೆಗೆ ಹೂಂ ಅಂದರು. ಅಂದರೆ ಏಳೂ ಜನಕ್ಕೆ ಈ ವಿಧಾನ ಇಷ್ಟವಾ? ಇದಕ್ಕಿಂತ ಕೆಟ್ಟ ನಕ್ಷೆ ಬಂದೀತು ಅನ್ನುವ ಭಯಕ್ಕೂ ಹೂಂ ಅನ್ನಬಹುದು.

ಕೊನೆಗೆ ಪರ-ವಿರೋಧದ ಕಾಲಮ್ಮನ್ನೇ ಕಿತ್ತು ಹಾಕಿದೆ. ಈಗ ಒಂದೇ ಪ್ರಶ್ನೆ: ಪೆನ್ನು ಯಾರ ಕೈಗೆ? ಗೆದ್ದ ರಾಜಕಾರಣಿಗಳಿಗೆ ಅಂದರೆ ಕಂದು, ಸಿಬ್ಬಂದಿಗೆ ಅಂದರೆ ನೀಲಿ, ನಾಗರಿಕರಿಗೆ ಅಂದರೆ ಹಸಿರು. ಜಗಳ ಬಗೆಹರಿಯದಿದ್ದರೆ ಕೊನೆಯ ಮಾತು ಯಾರದು ಅನ್ನುವುದನ್ನು ಬಿಲ್ಲೆಯ ಅಂಚಿಗೆ ಹಚ್ಚುತ್ತೇನೆ. ಡಿವೈನ್ ತಕ್ಷಣ ನೀಲಿಯಾದರು. ಇಂಥ ಖುಷಿ ಪ್ಲೈ ಸರಿಯಾಗಿ ಕತ್ತರಿಸಿದಾಗಲೂ ಆಗಿರಲಿಲ್ಲ.

ಅಂದ ಹಾಗೆ, ಮುಂದಿನದು ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳು. ಈಗಿನ ಗಡಿಗಳು 2008ರವು. ಅಲ್ಲಿನ ತಕರಾರೇ ಬೇರೆ. ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನುವುದು ಇನ್ನೂ 1971ರ ಜನಗಣತಿಯ ಮೇಲೇ ನಿಂತಿದೆ. ಬಿಲ್ಲೆ ಬೇಡ, ತುಂಡಿನ ದಪ್ಪದಲ್ಲೇ ಜನಸಂಖ್ಯೆ ತೋರಿಸಬೇಕು ಅಂತಿದ್ದೇನೆ. ತೇಗವೋ ಎಂಡಿಎಫ್ಫೋ, ಅನುಭವ ಇದ್ದವರು ಹೇಳಿ.

ಓಹಾಯೋಗೆ ಬಂದರೆ, ಏನೂ ಹೇಳದ ಅಭ್ಯರ್ಥಿಗಳ ಬಿಲ್ಲೆ ಸದ್ಯಕ್ಕೆ ಬರೀ ಮರ. ಅವರ ಕಚೇರಿಗಳಿಗೆ ಪ್ರಶ್ನೆ ಬರೆದು ಕಳಿಸಿದ್ದೇನೆ. ಒಂದು ಕಡೆಯಿಂದ ಉತ್ತರವೂ ಬಂತು: 25 ಡಾಲರ್ ದೇಣಿಗೆ ಕೊಡಿ ಅಂತ.