ಬೆನ್ನಿಗೆ ಯಾಕೆ ಪೈಪ್ ಹಾಕಿದ್ರು?

"ಕಲ್ಲು ಅಂತ ಹೋಗಿ ಬೆನ್ನಿಗೆ ಪೈಪ್ ಹಾಕಿಸ್ಕೊಂಡು ಬಂದ್ರಂತಲ್ಲ, ಡಾಕ್ಟ್ರು ಏನೋ ಎಡವಟ್ಟು ಮಾಡಿದ್ರಾ?"

ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇಲ್ಲ, ಅವರೇನೂ ಎಡವಟ್ಟು ಮಾಡಲಿಲ್ಲ. ಕಲ್ಲು ಎಡಗಡೆ ಮೂತ್ರನಾಳದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದರ ಹಿಂದೆ ಮೂತ್ರ ಕಟ್ಟಿ, ಕೀವಾಗಿ, ಕಿಡ್ನಿ ಊದಿತ್ತು. ಮೇಲೆ ಜ್ವರ ಬೇರೆ. ಅಂಥ ಹೊತ್ತಲ್ಲಿ ಕಲ್ಲಿಗೆ ಕೈ ಹಾಕುವುದಿಲ್ಲ. ಒಡೆಯಲು ಹೋದರೆ ಕೀವು ರಕ್ತಕ್ಕೆ ನುಗ್ಗುತ್ತದೆ. ಕಟ್ಟಿಕೊಂಡ ಕಿಡ್ನಿಗೆ ಇಂಜೆಕ್ಷನ್ ಔಷಧವೂ ಸರಿಯಾಗಿ ತಲುಪುವುದಿಲ್ಲ. ಮೊದಲು ಕೀವು ಹೊರಗೆ ಹರಿಯಬೇಕು. ಅದಕ್ಕೆ ಒಳಗಿಂದ ಡಿಜೆ ಸ್ಟೆಂಟ್, ಅಂದರೆ ಮೂತ್ರನಾಳದೊಳಗೆ ಕೂರುವ ತೆಳು ಕೊಳವೆ, ಹಾಕಬಹುದು, ಇಲ್ಲಾ ಬೆನ್ನಿನಿಂದ ನೇರ ಕಿಡ್ನಿಗೆ ಪೈಪ್. ನನಗೆ ಪೈಪ್ ಬಂತು. ಬೋರಲು ಮಲಗಿಸಿ, ಆ ಜಾಗ ಮಾತ್ರ ಮರಗಟ್ಟಿಸಿ, ಸ್ಕ್ಯಾನ್ ನೋಡುತ್ತಾ ಸೂಜಿ ಇಳಿಸಿದರು. ಪೈಪಿನ ದಪ್ಪ 8 ಫ್ರೆಂಚ್ ಅನ್ನೋ ಅಳತೆ. ಅಂದರೆ 3 ಮಿಲಿಮೀಟರಿಗಿಂತ ತೆಳ್ಳಗೆ. ಜನರ ಮಾತು ಕೇಳಿದರೆ ಬೋರ್‌ವೆಲ್ ಪೈಪ್ ಇಳಿಸಿದರೇನೋ ಅನ್ನಿಸಬೇಕು.

"ಮತ್ತೆ ಆಮೇಲೆ ಅಷ್ಟೊಂದು ತೊಂದರೆ ಯಾಕಾಯ್ತು?" ಹೀಗೆ ಕೇಳಿದ್ದು ನಮ್ಮ ದೊಡ್ಡಮ್ಮನ ಮಗ. ಗೃಹಪ್ರವೇಶದ ಪಂಕ್ತಿಯಲ್ಲಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ. ಉತ್ತರಕ್ಕೂ ಕಾಯಲಿಲ್ಲ. "ಬಾಳೆದಿಂಡಿನ ರಸ ಕುಡಿದಿದ್ರೆ ಎಲ್ಲಾ ಕರಗಿ ಹೋಗ್ತಿತ್ತು ಕಣೋ" ಅಂದ. ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ನಾನು ಸುಮ್ನೆ ಕೋಸಂಬರಿ ತಿಂದೆ.

ಈಗ ಹೇಳ್ತೀನಿ ಕೇಳಣ್ಣ. ಪೈಪ್ ಹಾಕಿ ಒಂದು ಗಂಟೆಯೊಳಗೆ ಮಂಚ ಅಲುಗಾಡುವಷ್ಟು ನಡುಕ ಬಂತು. ಕೀವು ಕದಡಿದಾಗ ಸೋಂಕು ರಕ್ತಕ್ಕೆ ಸೇರಬಹುದು. ಅದನ್ನು ಮೊದಲೇ ಹೇಳಿಯೇ ಸಹಿ ಹಾಕಿಸಿಕೊಂಡಿದ್ದರು. ಎರಡು ದಿನ ಪೈಪಿಗೆ ಸಿಕ್ಕಿಸಿದ ಮೂತ್ರದ ಚೀಲದಲ್ಲಿ ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣ. ಅದೂ ಮಾಮೂಲು. ರಕ್ತ ಗಡ್ಡೆಗಡ್ಡೆಯಾಗಿ ಬಂದರೆ, ಇಲ್ಲಾ ನಿಲ್ಲದೇ ಹೋದರೆ ಗಾಬರಿಪಡಬೇಕು.

ಒಂಬತ್ತನೇ ದಿನ ಪೈಪ್ ಕಿತ್ತು ಬಂತಲ್ಲ, ಆ ಎಡವಟ್ಟು ಮಾತ್ರ ನಿಜ. ಮಾಡಿದ್ದು ನಾನು. ಹಾಲಿನವನ ಗಂಟೆ ಕೇಳಿ ಪಾತ್ರೆ ಹಿಡಿದು ಹೊರಟೆ. ಚೀಲದ ದಾರ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿದ್ದು ನೋಡಲಿಲ್ಲ. ನೋವೂ ಜಾಸ್ತಿ ಆಗಲಿಲ್ಲ, ಬನಿಯನ್ ಒದ್ದೆಯಾಯಿತು ಅಷ್ಟೆ. ಪೈಪನ್ನು ಮತ್ತೆ ತುರುಕಲು ನೋಡಿದೆ. ಹೆಂಡತಿ ಕೈಮೇಲೆ ಹೊಡೆದಳು. ಹೊಸ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಕಿತ್ತು ಬಂದರೆ ನೀವೇ ತುರುಕದೆ ಕೂಡಲೇ ಬನ್ನಿ ಎಂದು ಡಿಸ್ಚಾರ್ಜ್ ದಿನ ಹೇಳಿದ್ದರು. ಕೇಳಿಸಿಕೊಂಡವಳು ಅವಳು. ಅರ್ಧ ಗಂಟೆಯಲ್ಲಿ ಆಟೋದಲ್ಲಿದ್ದೆವು. ಅದೇ ದಾರಿಯಲ್ಲಿ ತಂತಿ ತೂರಿಸಿ ಹೊಸ ಪೈಪ್ ಹಾಕಿದರು.

ಕಲ್ಲಾ? ಅದನ್ನು ಮೂರು ವಾರದ ಮೇಲೆ ತೆಗೆದರು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಆ ಚೀಲ ಯಾರು ಖಾಲಿ ಮಾಡ್ತಿದ್ರು ಅಂತ ಮಾತ್ರ ಈವರೆಗೆ ಒಬ್ಬರೂ ಕೇಳಿಲ್ಲ. ಅವಳೇ. ರಾತ್ರಿ ಎರಡು ಗಂಟೆಗೂ ಎದ್ದು, ಅಳತೆಯ ಜಗ್ಗಿಗೆ ಬಗ್ಗಿಸಿ, ಎಷ್ಟು ಎಂಎಲ್ ಅಂತ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಹಾಲಿನ ಲೆಕ್ಕವೂ ಅಲ್ಲೇ ಇರುತ್ತಿತ್ತು. ತಿಂಗಳ ಕೊನೆಗೆ ಹಾಲಿನವನು ದುಡ್ಡಿಗೆ ಬಂದ. 500 ಅಂತ ಬರೆದದ್ದು ಅವನ ಹಾಲೋ ನನ್ನದೋ ಗೊತ್ತಾಗದೆ, ಅವನು ಹೇಳಿದಷ್ಟು ಕೊಟ್ಟು ಕಳಿಸಿದೆವು.